ಮರಳಿಗೆ ಬೇಕಾದ ಎಳೆತ

ಗಾಡಿಯ ಹಿಂದಿನ ಎರಡೂ ಚಕ್ರ ಆಕ್ಸಲಿನವರೆಗೆ ಮರಳಿನಲ್ಲಿ ಹೂತುಹೋದಾಗ ಅಕ್ಕ ಬೈಯಲಿಲ್ಲ. ಅವಳ ತಮ್ಮ ಪಿಕಪ್ ಹೆದರಿದ್ದು ಅದಕ್ಕೇ. ಬೈದಿದ್ದರೆ ಕೇಳಿಸಿಕೊಂಡು, ತಲೆ ಕೆರೆದುಕೊಂಡು, ಹೇಗೋ ನಿಭಾಯಿಸುತ್ತಿದ್ದ. ಅವಳು ಇಂಜಿನ್ ಆಫ್ ಮಾಡಿ ಇಳಿದು, ಹಿಂದೆ ಟ್ರೇಲರಿನ ಮೇಲಿದ್ದ ದೋಣಿಯನ್ನೊಮ್ಮೆ, ತಮ್ಮನನ್ನೊಮ್ಮೆ ನೋಡಿದಳು.

“ಒಳಗೆ ಏನು ಹಾಕಿದ್ದೀಯ?”

“ಸರ್ವೀಸ್ ಮಾಡಿದೆ, ಅಷ್ಟೇ.”

“ಸರ್ವೀಸ್ ಮಾಡಿದ ಗಾಡಿ ಹೀಗೆ ಸದ್ದು ಮಾಡಲ್ಲ. ನಿಂತಲ್ಲೇ ಎದೆಬಡಿತ ತಪ್ಪಿದವರ ಹಾಗೆ ಬಡ್ಕೊಳ್ತಿತ್ತು.”

ಎದೆಬಡಿತದ ವಿಷಯ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಈ ಸಮುದ್ರದಂಡೆಯ ಜೀವರಕ್ಷಕರ ತಂಡಕ್ಕೆ ಅವಳೇ ಮುಖ್ಯಸ್ಥೆ. ನೀರಿನಿಂದ ಎಳೆದು ತಂದವರ ಎದೆಗೆ ಕಿವಿಯಿಟ್ಟು ಎಷ್ಟೋ ವರ್ಷಗಳಾಗಿದ್ದವು. ತಮ್ಮನಿಗೆ ಬೀದಿಯ ತುದಿಯಲ್ಲಿ ಗಾಡಿ ರಿಪೇರಿಯ ಶೆಡ್ಡು. ಹರೆಯದಲ್ಲಿ ಎಟಿವಿ ರೇಸುಗಳಲ್ಲಿ ಓಡಿಸಿದವನು. ನಾಲ್ಕು ದಪ್ಪ ಚಕ್ರ, ಬೈಕಿನಂಥ ಹ್ಯಾಂಡಲ್ ಇರುವ ಆ ಗಾಡಿಗಳ ಬಗ್ಗೆ ಬಾಯಿ ತೆರೆದರೆ ಪಿಕಪ್ಪಿನ ಮಾತೇ ಬರುತ್ತಿದ್ದುದರಿಂದ ಬೀದಿಗೆಲ್ಲ ಅವನು ‘ಪಿಕಪ್’ ಆಗಿಬಿಟ್ಟಿದ್ದ. ಸ್ವಂತ ಹೆಂಡತಿಯೂ ಹಾಗೆಯೇ ಕರೆಯುತ್ತಿದ್ದಳು.

ರಕ್ಷಣಾ ದೋಣಿಯನ್ನು ನೀರಿಗೆ ಒಯ್ಯುವುದೂ ಮರಳಿ ದಿಬ್ಬದ ಮೇಲಿನ ಶೆಡ್ಡಿಗೆ ಎಳೆದು ತರುವುದೂ ಈ ಹಳೆಯ ಎಟಿವಿಯ ಕೆಲಸ. ವರ್ಷಕ್ಕೊಮ್ಮೆ ಅದು ಪಿಕಪ್‌ನ ಕೈಗೆ ಬರುತ್ತಿತ್ತು. ಈ ಸಲ ಅವನಿಗೆ ಅಕ್ಕನಿಗೊಂದು ಉಡುಗೊರೆ ಕೊಡುವ ಹುಕಿ ಬಂತು. ಕಂಪನಿಯ ಕ್ಯಾಮ್‌ಶಾಫ್ಟ್ ತೆಗೆದು, ರೇಸಿನವರು ಮಾಡಿಸುವಂತೆ ಹೊರಗೆ ಮಾರ್ಪಡಿಸಿ ತರಿಸಿ ಕೂರಿಸಿದ. ಕೇಳಲಿಲ್ಲ, ಹೇಳಲಿಲ್ಲ.

ಕ್ಯಾಮ್‌ಶಾಫ್ಟ್ ಎಂದರೆ ಇಂಜಿನ್ನಿನ ತಲೆಯಲ್ಲಿ ಸುತ್ತುವ, ಮೊಟ್ಟೆಯಾಕಾರದ ಉಬ್ಬುಗಳಿರುವ ಉಕ್ಕಿನ ದಂಡ. ಉಬ್ಬು ತಿರುಗಿ ಬಂದಾಗ ವಾಲ್ವ್ ತೆರೆಯುತ್ತದೆ, ದಾಟಿದಾಗ ಮುಚ್ಚುತ್ತದೆ. ಅದು ಎಷ್ಟು ಎತ್ತರ ತೆರೆಯಬೇಕು, ಎಷ್ಟು ಹೊತ್ತು ತೆರೆದಿರಬೇಕು ಎಂಬುದೆಲ್ಲ ಆ ಉಬ್ಬಿನ ಆಕಾರದಲ್ಲೇ ಇದೆ. ರೇಸಿನ ಕ್ಯಾಮ್ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಇಂಜಿನ್ ಜೋರಾಗಿ ಸುತ್ತುವಾಗ ನುಗ್ಗಿ ಬರುವ ಗಾಳಿ ಆ ಹೆಚ್ಚಿನ ಹೊತ್ತಿನಲ್ಲೂ ಒಳಗೆ ತುಂಬಿಕೊಳ್ಳುತ್ತದೆ, ಗಾಡಿ ಹುಚ್ಚೆದ್ದು ಓಡುತ್ತದೆ. ನಿಧಾನವಾಗಿ ಸುತ್ತುವಾಗ ಮಾತ್ರ ಕಥೆ ಉಲ್ಟಾ. ವಾಲ್ವ್ ಮುಚ್ಚುವ ಮೊದಲೇ ಮೇಲೇರುವ ಪಿಸ್ಟನ್ನು ಬಂದ ಗಾಳಿಯನ್ನು ಬಂದ ದಾರಿಯಲ್ಲೇ ಹಿಂದಕ್ಕೆ ದಬ್ಬುತ್ತದೆ. ಎಳೆತ ಸೊರಗುತ್ತದೆ.

ದೋಣಿ ಎಳೆಯುವ ಗಾಡಿಗೆ ಬೇಕಾದದ್ದು ಆ ನಿಧಾನದ ಎಳೆತವೇ. ಈಗ ಗಾಡಿ ಕಡಿಮೆ ಸುತ್ತಿನಲ್ಲಿ ಉಸಿರೇ ಇಲ್ಲದ ಹಾಗೆ ತೆವಳುತ್ತಿತ್ತು. ಅಕ್ಕ ಇನ್ನಷ್ಟು ರೈಸ್ ಮಾಡಿದರೆ ಇದ್ದಕ್ಕಿದ್ದಂತೆ ಶಕ್ತಿಯೆಲ್ಲ ಒಟ್ಟಿಗೆ ಬಂದು ಚಕ್ರ ಗಿರ್ರೆಂದು ಸುತ್ತಿ ಹೊಂಡ ತೋಡುತ್ತಿತ್ತು.

“ಹಳೇದನ್ನೇ ವಾಪಸ್ ಹಾಕು,” ಎಂದಳು ಅಕ್ಕ.

ಹಳೆಯದು ಇರಲಿಲ್ಲ. ರೇಸಿನವರ ರೂಢಿಯಂತೆ ಪಿಕಪ್ ಕಂಪನಿಯ ಶಾಫ್ಟನ್ನೇ ಕಳಿಸಿ, ಅದರ ಉಬ್ಬುಗಳನ್ನೇ ಹೊಸ ಆಕಾರಕ್ಕೆ ಸಾಣೆ ಹಿಡಿಸಿ ತರಿಸಿಕೊಂಡಿದ್ದ. ಹಿಂದಕ್ಕೆ ಹೋಗುವ ದಾರಿ ಇಟ್ಟುಕೊಳ್ಳುವುದು ಅವರಲ್ಲಿ ಅಂಜುಬುರುಕರ ಲಕ್ಷಣ. ಈ ಮಾದರಿಯ ಗಾಡಿ ತಯಾರಾಗುವುದೇ ನಿಂತಿತ್ತು. ಬೇರೆ ಶಾಫ್ಟ್ ಹುಡುಕಿ ತರಿಸಲು ತಿಂಗಳಾದರೂ ಬೇಕು. ಬಂದರಿನ ಅಧಿಕಾರಿ ಪರೀಕ್ಷೆಗೆ ಬರುವುದು ಶುಕ್ರವಾರ.

ಪರೀಕ್ಷೆ ಸರಳವಾದದ್ದು. ಗಾಡಿ ಯಾರೂ ತಳ್ಳದೆ ದೋಣಿಯನ್ನು ನೀರಂಚಿನಿಂದ ಶೆಡ್ಡಿನವರೆಗೆ ಒಂದೇ ಓಟದಲ್ಲಿ ಏರಿಸಬೇಕು. ಆಗದಿದ್ದರೆ ದೋಣಿಯನ್ನು ಬಂದರಿನ ಠಾಣೆಗೆ ಸೇರಿಸುತ್ತಾರೆ. ಅಲ್ಲಿಂದ ಇಲ್ಲಿಗೆ ಬರಲು ಅರ್ಧ ಗಂಟೆ. ಮುಳುಗುತ್ತಿರುವವರು ಅರ್ಧ ಗಂಟೆ ಕಾಯುವುದಿಲ್ಲ.

ವಿಷಯ ತಿಳಿದ ಅಕ್ಕ, ಶುಕ್ರವಾರದೊಳಗೆ ಏನು ಸಾಧ್ಯವೋ ಅಷ್ಟನ್ನು ಮಾಡು, ಏನು ಸಾಧ್ಯವಿಲ್ಲವೋ ಅದನ್ನು ನನಗೆ ನಿಜ ಹೇಳು ಎಂದಳು. ಬೈಗುಳಕ್ಕಿಂತ ಇದು ಭಾರವಾಗಿತ್ತು.

ಪಿಕಪ್‌ಗೆ ಗೊತ್ತಿದ್ದ ದಾರಿ ಒಂದೇ. ಉಬ್ಬಿನ ಆಕಾರ ಬದಲಿಸಲಾಗದಿದ್ದರೂ ಅದು ಬರುವ ಹೊತ್ತನ್ನು ಬದಲಿಸಬಹುದು. ಕ್ಯಾಮನ್ನು ಸ್ವಲ್ಪ ಮುಂದಕ್ಕೆ ತಿರುಗಿಸಿ ಕೂರಿಸಿದರೆ ವಾಲ್ವ್ ಬೇಗ ಮುಚ್ಚುತ್ತದೆ, ಹಿಂದಕ್ಕೆ ಹೋಗುವ ಗಾಳಿ ಕಡಿಮೆಯಾಗುತ್ತದೆ, ಕೆಳಗಿನ ಎಳೆತ ಸ್ವಲ್ಪ ಮರಳುತ್ತದೆ. ಮೇಲಿನ ಓಟದಲ್ಲಿ ಒಂದಷ್ಟು ಹೋಗುತ್ತದೆ; ಹೋಗಲಿ. ಚೈನು ಸುತ್ತುವ ಹಲ್ಲುಚಕ್ರದ ಬೋಲ್ಟು ತೂತುಗಳನ್ನು ಅರದಿಂದ ಉದ್ದುದ್ದಕ್ಕೆ ಉಜ್ಜಿದರೆ ಅಷ್ಟು ಜಾಗ ಸಿಗುತ್ತದೆ. ಆದರೆ ಬೇಗ ಮುಚ್ಚುವ ವಾಲ್ವ್ ಬೇಗ ತೆರೆಯುತ್ತದೆ ಕೂಡ. ಅತಿಯಾದರೆ ಮೇಲೆ ಬಂದ ಪಿಸ್ಟನ್ನಿಗೆ ಬಡಿದು ಇಂಜಿನ್ನೇ ಚಿಂದಿ.

ಎಷ್ಟು ಸಂದು ಉಳಿಯುತ್ತದೆಂದು ಅಳೆಯಲು ಮೆತ್ತನೆಯ ಕ್ಲೇ ಬೇಕಿತ್ತು. ಮಗಳ ಆಟದ ಡಬ್ಬಿಗೆ ಕೈಹಾಕಿದಾಗ ಹೆಂಡತಿ ನೋಡಿದಳು.

“ಅವಳು ಆನೆ ಮಾಡೋಕೆ ಇಟ್ಕೊಂಡಿರೋದು ಅದು.”

“ಸೊಂಡಿಲಿಗಾಗುವಷ್ಟು ಸಾಕು ನನಗೆ.”

ಪಿಸ್ಟನ್ನಿನ ನೆತ್ತಿಗೆ ಕ್ಲೇ ಮೆತ್ತಿ, ಅಂಟದಿರಲೆಂದು ವಾಲ್ವಿಗೆ ಎಣ್ಣೆ ಸವರಿ, ಹೆಡ್ ಕೂರಿಸಿ, ಸ್ಪ್ಯಾನರಿನಿಂದ ಇಂಜಿನ್ನನ್ನು ಮೆಲ್ಲಗೆ ಎರಡು ಸುತ್ತು ತಿರುಗಿಸಿದ. ಮತ್ತೆ ಬಿಚ್ಚಿ, ವಾಲ್ವ್ ಒತ್ತಿದ ಕಡೆ ಕ್ಲೇಯನ್ನು ಬ್ಲೇಡಿನಲ್ಲಿ ಕೊಯ್ದು ದಪ್ಪ ಅಳೆದ. ಕ್ಯಾಮನ್ನು ಆರು ಡಿಗ್ರಿ ಮುಂದಕ್ಕೆ ತಿರುಗಿಸಿದರೆ ಒಂದು ಮಿಲಿಮೀಟರೂ ಸಂದು ಉಳಿಯುತ್ತಿರಲಿಲ್ಲ. ನಾಲ್ಕಕ್ಕೆ ಅದಕ್ಕಿಂತ ಚೂರು ಮೇಲೆ. ನಾಲ್ಕರಲ್ಲೇ ಬೋಲ್ಟು ಬಿಗಿದ. ಅವನೊಳಗಿನ ರೇಸುಗಾರ ಐದಕ್ಕಾದರೂ ಕೈಚಾಚುತ್ತಿದ್ದ. ಈ ಸಲ ಚಾಚಲಿಲ್ಲ.

ಮರುದಿನ ದಂಡೆಯಲ್ಲಿ ಅಕ್ಕನಿಗೆ ಮುಚ್ಚುಮರೆಯಿಲ್ಲದೆ ಹೇಳಿದ. ಹೋದದ್ದರಲ್ಲಿ ಅರ್ಧ ಬಂದಿದೆ. ನಿಮಿಷಕ್ಕೆ ಮೂರು ಸಾವಿರ ಸುತ್ತಿನಿಂದ ನಾಲ್ಕು ಸಾವಿರದ ತನಕ ನೆಟ್ಟಗೆ ಎಳೆಯುತ್ತದೆ. ಕೆಳಗಿಳಿದರೆ ಉಸಿರು ಕಟ್ಟುತ್ತದೆ, ಮೇಲೇರಿದರೆ ಹೊಂಡ ತೋಡುತ್ತದೆ.

“ಆ ನಡುವಿನ ಸದ್ದು ಯಾವುದು, ಕೇಳಿಸು,” ಎಂದಳು ಅಕ್ಕ.

ಗಾಡಿಯಲ್ಲಿ ಸುತ್ತು ತೋರಿಸುವ ಮೀಟರ್ ಇರಲಿಲ್ಲ. ಪಿಕಪ್ ತನ್ನ ರಿಪೇರಿ ಶೆಡ್ಡಿನದನ್ನು ಇಂಜಿನ್ನಿಗೆ ಸಿಕ್ಕಿಸಿಕೊಂಡು ಪಕ್ಕದಲ್ಲಿ ನಡೆದ. ಇಂಥ ಗಾಡಿಗಳಲ್ಲಿ ರೈಸ್ ಮಾಡುವ ಲಿವರ್ ಬಲಗೈ ಹೆಬ್ಬೆರಳಿನ ಕೆಳಗಿರುತ್ತದೆ. ಅವಳು ಹೆಬ್ಬೆರಳನ್ನು ಕೂದಲೆಳೆಯಷ್ಟು ಒತ್ತುವಳು, “ಈಗ?” ಎನ್ನುವಳು, ಅವನು ಅಂಕಿ ಓದುವನು. ಖಾಲಿ ಗಾಡಿ, ಆಮೇಲೆ ಟ್ರೇಲರ್, ಆಮೇಲೆ ದೋಣಿ. ಮಧ್ಯಾಹ್ನ ಕಳೆಯುವ ಹೊತ್ತಿಗೆ ಅವಳು ಕೇಳುವುದನ್ನು ಬಿಟ್ಟು ತಾನೇ ಹೇಳತೊಡಗಿದಳು.

“ಮೂರು ಸಾವಿರದ ಇನ್ನೂರು.”

ಮೀಟರಿನಲ್ಲಿ ಮೂರು ಸಾವಿರದ ಇನ್ನೂರೈವತ್ತು ಇತ್ತು. ಪಿಕಪ್ ಮೀಟರನ್ನು ತಟ್ಟಿ ನೋಡಿದ, ಅದೇ ತಪ್ಪಿರಬಹುದೆಂದು. ಇಷ್ಟು ವರ್ಷ ಇಂಜಿನ್ನುಗಳ ನಡುವೆ ಬದುಕಿದ ಅವನ ಕಿವಿಗೆ ಇದು ಸಾಧ್ಯವಿರಲಿಲ್ಲ. ಯಾವಾಗಲೂ ತುದಿಯ ಸದ್ದನ್ನೇ ಕೇಳಿದ್ದ ಕಿವಿ ಅದು.

ಶುಕ್ರವಾರ ಬೆಳಿಗ್ಗೆ ಅಧಿಕಾರಿ ಬಂದರು. ಪ್ಯಾಂಟನ್ನು ಮೊಣಕಾಲಿಗೆ ಮಡಚಿಕೊಂಡು, ಹೆಚ್ಚು ಮಾತಿಲ್ಲದೆ, ದಿಬ್ಬದ ನಡುವೆ ನಿಂತರು. ಜೀವರಕ್ಷಕರು ದೂರ ಸರಿದರು. ಅಕ್ಕ ಮೊದಲ ಗೇರಿನಲ್ಲಿ ಕ್ಲಚ್ ಬಿಟ್ಟಳು. ನೀರಂಚಿನ ಒದ್ದೆ ಮರಳು ಗಟ್ಟಿಯಿತ್ತು, ದೋಣಿ ಸಲೀಸಾಗಿ ಬಂತು. ಒಣ ಮರಳು ಶುರುವಾಗುತ್ತಲೇ ಸದ್ದು ತುಸು ಭಾರವಾಯಿತು. ಹೆಬ್ಬೆರಳು ಅಷ್ಟೇ ತುಸು ಸರಿಯಿತು. ಕೊನೆಯ ಏರು ಕಾಲಿಟ್ಟರೆ ಕುಸಿಯುವಂಥದು. ಅಲ್ಲಿ ಟ್ರೇಲರಿನ ಚಕ್ರ ಜಗ್ಗಿತು, ಇಂಜಿನ್ನಿನ ದನಿ ಇಳಿಯತೊಡಗಿತು. ಇನ್ನೇನು ಉಸಿರು ಕಟ್ಟಬೇಕು.

ದೂರ ನಿಂತಿದ್ದ ಪಿಕಪ್‌ನ ಹೆಬ್ಬೆರಳು ಬರಿ ಗಾಳಿಯನ್ನೇ ಪೂರ್ತಿ ಒತ್ತಿಬಿಟ್ಟಿತ್ತು.

ಅಕ್ಕ ಒತ್ತಲಿಲ್ಲ. ಬಲಗೈ ಇದ್ದಲ್ಲೇ ಇತ್ತು. ಎಡಗೈಯ ಎರಡು ಬೆರಳು ಕ್ಲಚ್ಚನ್ನು ಎಳೆದವೋ ಇಲ್ಲವೋ ಎಂಬಷ್ಟು ಎಳೆದವು. ಇಂಜಿನ್ನಿಗೆ ಹೊರೆ ಹಗುರಾಯಿತು, ದನಿ ಮೂರು ಸಾವಿರದ ಮೇಲಕ್ಕೆ ತಾನಾಗಿ ಹತ್ತಿತು, ಬೆರಳುಗಳು ಹಗೂರಕ್ಕೆ ಬಿಟ್ಟವು. ಚಕ್ರ ಒಂದು ಸುತ್ತೂ ಸುಮ್ಮನೆ ಸುತ್ತಲಿಲ್ಲ. ಇದನ್ನು ಅವನು ಹೇಳಿಕೊಟ್ಟಿರಲಿಲ್ಲ. ಅವನಿಗೆ ಹೊಳೆದೂ ಇರಲಿಲ್ಲ. ಗಾಡಿ ಮನುಷ್ಯರು ನಡೆಯುವ ವೇಗದಲ್ಲಿ ಏರು ದಾಟಿ, ದೋಣಿಯನ್ನು ಶೆಡ್ಡಿನ ನೆರಳಿಗೆ ತಂದು ನಿಲ್ಲಿಸಿತು.

ಅಧಿಕಾರಿ ತಲೆಯಾಡಿಸಿ, ದೋಣಿ ಇಲ್ಲೇ ಇರಲಿ ಎಂದು ಹೇಳಿ, ಪ್ಯಾಂಟು ಕೆಳಗಿಳಿಸುತ್ತ ಹೊರಟರು.

“ಕ್ಲಚ್ ಪ್ಲೇಟ್ ಸುಟ್ಟ ವಾಸನೆ ಬರ್ತಿದೆ, ನೋಡು,” ಎಂದಳು ಅಕ್ಕ ಕೈಗವಸು ಕಳಚುತ್ತ.

“ನೋಡ್ತೀನಿ. ಎಳೆತದ ಕ್ಯಾಮ್ ಒಂದಿದೆ ಅಕ್ಕ, ಕೆಳಗಿನಿಂದಲೇ ಎಳೆಯುವಂಥದು. ತರಿಸಲಾ?”

“ಈ ಸಲ ಕೇಳಿದೆಯಲ್ಲ, ಅಷ್ಟು ಸಾಕು. ತರಿಸು. ಅಲ್ಲೀವರೆಗೆ ಇದನ್ನ ಬಿಚ್ಚಿ ಯಾರಿಗೂ ಕಳಿಸಬೇಡ.”

ಅವಳು ಕಾವಲು ಗೋಪುರದ ಕಡೆ ನಡೆದಳು. ಆಗಲೇ ಈಜಲು ಜನ ಬರತೊಡಗಿದ್ದರು. ಪಿಕಪ್ ಪ್ಲೇಟು ನೋಡುವ ಮೊದಲು ದಿಬ್ಬದಂಚಿಗೆ ಬಂದು ಕೆಳಗೆ ನೋಡಿದ. ನೀರಂಚಿನಿಂದ ಶೆಡ್ಡಿನವರೆಗೆ ಟೈರಿನ ಗುರುತು ಹೊಲಿಗೆಯಂತೆ ಒಂದೇ ಸಮನೆ ಬಂದಿತ್ತು, ನಡುವೆ ಎಲ್ಲೂ ಒಂದು ಹೊಂಡವಿರಲಿಲ್ಲ. ಅದನ್ನು ತುಳಿಯದಂತೆ ಅಂಚು ಹಿಡಿದು ಅವನು ನೀರಿನವರೆಗೂ ಇಳಿದು ನೋಡಿ ಬಂದ.