ಅಂಗೈ ಮೂಸುವ ಅಮೋಗಸಿದ್ಧ

ಏನನ್ನೇ ಮುಟ್ಟುವ ಮುನ್ನ ಅಮೋಗಸಿದ್ಧ ತನ್ನ ಬಲಗೈಯನ್ನು ಮೂಗಿನ ಬಳಿಗೆ ಒಯ್ದು ಒಮ್ಮೆ ಮೂಸಿ ನೋಡಿಕೊಳ್ಳುತ್ತಿದ್ದ. ಸೋಲಾಪುರದ ನವಿ ಪೇಠೆಯ ಚನ್ನವೀರಪ್ಪನವರ ಅರಿವೆ ಅಂಗಡಿಗೆ ಬರುವ ಗಿರಾಕಿಗಳೆಲ್ಲ ಇದನ್ನು ಬಲ್ಲವರೇ. ಸೀರೆ ಬಿಚ್ಚುವ ಮುನ್ನ ಒಮ್ಮೆ, ಮಡಚಿಟ್ಟ ಮೇಲೆ ಒಮ್ಮೆ, ಯಾರದಾದರೂ ಕೂಸನ್ನು ಎತ್ತಿಕೊಳ್ಳುವ ಪ್ರಸಂಗ ಬಂದರಂತೂ ಎರಡೆರಡು ಸಲ. ಕೆಲವರು ಅದನ್ನು ಚಟವೆಂದರು, ಕೆಲವರು ಮಡಿಯೆಂದರು. ಚನ್ನವೀರಪ್ಪನವರು ಮಾತ್ರ, "ನಮ್ಮ ಅಮೋಗಸಿದ್ಧಗ ತನ್ನ ಕೈ ಮ್ಯಾಲ ತನಗ ವಿಶ್ವಾಸಿಲ್ರಿ" ಎಂದು ನಗುತ್ತಿದ್ದರು. ಅವರು ತಮಾಷೆಗೆ ಆಡಿದ ಮಾತು ದಿಟವಾಗಿತ್ತು. ಆದರೆ ಅದು ಅವರಿಗೆ ಗೊತ್ತಿರಲಿಲ್ಲ.

ಅವನು ಮೈಂದರ್ಗಿಯ ಕುರಿಗಾರರ ಮನೆಯವನು. ತಾಯಿ ತೀರಿಕೊಂಡ ಮೇಲೆ ಅವನನ್ನು ಸಾಕಿದವಳು ಅಕ್ಕ ಹಣಮವ್ವ. ನಾಲ್ಕಕ್ಷರ ಕಲಿತವನೆಂದು ಅಂಗಡಿ ಸೇರಿದ ಮೊದಲ ತಿಂಗಳಲ್ಲೇ, ದೊಡ್ಡ ಮನೆಯ ಲೀಲಾಬಾಯಿ ಅವನು ಹಾಸಿದ ಸೀರೆಯಿಂದ ಮುಖ ಹಿಂದೆಳೆದುಕೊಂಡು, "ಯಾಕ ಚನ್ನವೀರಪ್ಪಾ, ದುಕಾನದಾಗ ಕುರಿ ವಾಸನಿ ಹೊಡ್ಯಾಕತ್ತೈತಲ್ಲಾ?" ಎಂದಳು. ಅಲ್ಲಿದ್ದವರೆಲ್ಲ ನಕ್ಕರು. ಅಮೋಗಸಿದ್ಧನೂ ನಕ್ಕ. ಆ ಸಂಜೆಯೇ ಹೋಗಿ ಒಂದು ಸೀಸೆ ಮಲ್ಲಿಗೆ ಅತ್ತರು ಕೊಂಡ.

ಅತ್ತರು ಒಂಟಿಯಾಗಿ ಬರುವ ವಸ್ತುವಲ್ಲ. ಅದರ ಬೆನ್ನಿಗೆ ಹಣೆಯ ಮೇಲೆ ಜೋಲುವ ಗುಂಗುರು ಕೂದಲು ಬಂತು, ಬೂಟು ಮುಚ್ಚುವಷ್ಟು ಅಗಲದ ಪಾಟಲೋನು ಬಂತು, ಹದಿನೈದು ವಾರ ಓಡಿದ ಸಿನಿಮಾವೊಂದರ ನಾಯಕ ಕೊರಳಿಗೆ ಸುತ್ತಿಕೊಂಡಿದ್ದಂಥ ಕೆಂಪು ರೇಷ್ಮೆ ರುಮಾಲು ಬಂತು. ಹೊಸದಾಗಿ ಕೊಂಡ ಚೂಪು ಮೂತಿಯ ಬೂಟುಗಳಾದರೋ ಅವನ ಹಿಮ್ಮಡಿಯನ್ನು ಕಚ್ಚಿ ಕಚ್ಚಿ ಹುಣ್ಣು ಮಾಡಿದ್ದವು. ನೋವಿಗೆ ಅವನು ತುದಿಗಾಲಲ್ಲಿ ನಡೆಯುತ್ತಿದ್ದರೆ, ಪೇಠೆಯ ಹುಡುಗರು ಅದನ್ನೂ ಸಿನಿಮಾ ನಡಿಗೆಯೆಂದೇ ತಿಳಿದು ಅನುಕರಿಸುತ್ತಿದ್ದರು. ಊರಿನಿಂದ ಮೆಟ್ಟಿಕೊಂಡು ಬಂದ, ಮುಳ್ಳಿಗೂ ಜಗ್ಗದೆ ಪಾದವನ್ನೂ ನೋಯಿಸದೆ ಎಂಟು ವರ್ಷ ಬಾಳಿದ ದಪ್ಪ ಅಟ್ಟೆಯ ಕಾಲ್ಮರಿಗಳು ಕೋಣೆಯ ಮೂಲೆಯಲ್ಲಿ ಚೀಲದೊಳಗೆ ಬಿದ್ದಿದ್ದವು.

ಒಂದು ಐತವಾರ ಇದೇ ವೇಷದಲ್ಲಿ ಅವನು ಅಕ್ಕಲಕೋಟೆಯ ದಾರಿಯಾಗಿ ಮೈಂದರ್ಗಿಗೆ ಹೋದ. ಹಣಮವ್ವ ಹಟ್ಟಿಯಲ್ಲಿದ್ದಳು; ಚೊಚ್ಚಲ ಕುರಿಯೊಂದು ಈಯಲಾರದೆ ಒದ್ದಾಡುತ್ತಿತ್ತು. ತಮ್ಮನನ್ನು ಕಂಡದ್ದೇ ಆ ಗಡಿಬಿಡಿಯಲ್ಲೂ ಅವಳ ಮುಖ ಅರಳಿತು. "ಎವ್ವಾ, ರಾಜಾನ ಹಂಗ ಕಾಣಾಕತ್ತಿಯಲ್ಲೋ!" ಎಂದಳು.

ಹಳೆಯ ಕೈಚಳಕ ಮರೆತಿಲ್ಲವೆಂದು ತೋರಿಸುವ ಹುಮ್ಮಸ್ಸು ಅವನಿಗೆ. ತೋಳು ಮಡಚಿ ಮೊಳಕಾಲೂರಿ ಮರಿಯನ್ನು ನಾಜೂಕಾಗಿ ಎಳೆದ, ಬಾಯೊಳಗಿನ ಲೋಳೆ ತೆಗೆದ, ನಡುಗುವ ಜೀವವನ್ನು ಎದೆಗವಚಿಕೊಂಡ. ಮರಿ ಮೂತಿ ಚಾಚಿ ಅವನ ಕೊರಳ ರುಮಾಲನ್ನು ಚೀಪಿತು. ಅಕ್ಕ ತಮ್ಮ ಇಬ್ಬರೂ ನಕ್ಕರು. ಆಮೇಲೆ ತಾಯಿಯ ಮುಂದೆ ಬಿಟ್ಟರೆ, ಆ ಕುರಿ ಒಮ್ಮೆ ಮೂಸಿ, ತಲೆಯಿಂದ ಗುದ್ದಿ ಮರಿಯನ್ನು ಆಚೆಗೆ ನೂಕಿತು.

ಅವನ ಕೈಗೆ ಅತ್ತರಿತ್ತು. ಹೆತ್ತ ಕುರಿ ತನ್ನ ಮರಿಯನ್ನು ಗುರುತಿಸುವುದು ವಾಸನೆಯಿಂದಲೇ ಎಂಬುದು ಕುರಿಗಾರರ ಮನೆಯಲ್ಲಿ ನಡೆಯಲು ಕಲಿತ ಕೂಸಿಗೂ ಗೊತ್ತು. ಅವನಿಗೂ ಗೊತ್ತಿತ್ತು. ಅವನು ಮರೆತಿದ್ದು ತನ್ನ ಕೈಯ ವಾಸನೆ ಬದಲಾಗಿದೆ ಎಂಬುದನ್ನು.

ಹಣಮವ್ವ ಮರಿಯ ಮೈಗೆ ಉಪ್ಪು ಸವರಿದಳು, ಹೆರಿಗೆಯ ಮಾಸು ಸವರಿದಳು, ತಾಯಿಯ ಕಾಲು ಕಟ್ಟಿ ನೋಡಿದಳು. ಏನೂ ಸಾಗಲಿಲ್ಲ. ಕಡೆಗೆ ಹೇಳಿದಳು: "ಆ ಅತ್ತರಿನ ರುಮಾಲ ಬಿಟ್ಟು ಹೋಗೋ ತಮ್ಮಾ. ತಾಯಿ ಮೂಗಿಗೂ ಅದನ್ನ ತಿಕ್ಕತೀನಿ. ಎರಡಕ್ಕೂ ಒಂದ ವಾಸನಿ ಆತಂದ್ರ ಕುಡಸ್ತೈತಿ."

ಉಪಾಯ ಸರಿಯಾಗಿಯೇ ಇತ್ತು; ಅದು ಅವನಿಗೂ ತಿಳಿದಿತ್ತು. ಆದರೆ ಮರುದಿನ ಸಂಜೆ ಗೆಳೆಯರೊಂದಿಗೆ ಸ್ಟುಡಿಯೊದಲ್ಲಿ ಸಿನಿಮಾ ಠೀವಿಯ ಫೋಟೊ ತೆಗೆಸುವುದೆಂದು ನಿಶ್ಚಯವಾಗಿತ್ತು, ಮತ್ತು ಆ ಠೀವಿಗೆಲ್ಲ ಮೂಲ ಆ ರುಮಾಲೇ. ಕೊರಳಿಗೆ ಕೈ ಹೋದದ್ದು ಬಿಚ್ಚುವುದಕ್ಕಲ್ಲ, ಮುಚ್ಚಿಕೊಳ್ಳುವುದಕ್ಕೆ.

"ನಾಳಿ ಫೋಟೊ ತಗಸೂದೈತಿ ಅಕ್ಕಾ. ಬರೂ ಐತವಾರ ತರ್ತೀನಿ."

"ಆತ ಬಿಡು" ಎಂದಳು ಹಣಮವ್ವ. ಅವಳು ಒತ್ತಾಯ ಮಾಡಲಿಲ್ಲ. ಬಸ್ಸಿಗೆ ಹೊತ್ತಾಯಿತೆಂದು ರೊಟ್ಟಿ ಗಂಟು ಕಟ್ಟಿಕೊಟ್ಟಳು.

ಫೋಟೊ ಸೊಗಸಾಗಿ ಬಂತು. ಮುಂದಿನ ಐತವಾರ ಅದನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು, ಒಗೆಯದ ರುಮಾಲನ್ನೂ ಹೊಸದೊಂದು ಅತ್ತರಿನ ಸೀಸೆಯನ್ನೂ ಹಿಡಿದು ಅವನು ಊರಿಗೆ ಹೋದ. ಹಟ್ಟಿಯಲ್ಲಿ ಆ ಕುರಿ ಬಾತುಕೊಂಡ ಕೆಚ್ಚಲು ಹೊತ್ತು ಕಾಲು ಅಗಲಿಸಿ ನಿಂತಿತ್ತು. ಹಣಮವ್ವ ಅದರ ಹಾಲನ್ನು ಮೆಲ್ಲಗೆ ಹಿಂಡಿ ನೆಲಕ್ಕೆ ಬಿಡುತ್ತಿದ್ದಳು.

"ಮರಿ ಎರಡ ದಿನ ಒದರಿತು. ಅರಿವಿ ಬತ್ತಿ ಮಾಡಿ ಆಡಿನ ಹಾಲು ಹಾಕಿದ್ನಿ, ನುಂಗಲಿಲ್ಲ. ಮೂರನೇ ದಿನ ಹೋತು" ಎಂದಳು ತಲೆ ಎತ್ತದೆ. ಆಮೇಲೆ ಏನೋ ನೆನಪಾದವಳಂತೆ ತಿರುಗಿ, ಕೈಯನ್ನು ಸೆರಗಿಗೆ ಒರೆಸಿಕೊಂಡು ಮುಂದೆ ಚಾಚಿದಳು: "ಫೋಟೊ ಚೊಲೊ ಬಂತೇನೋ? ತಂದೀಯೇನು? ತೋರ್ಸು ನೋಡೂನು."

ಅದರಲ್ಲಿ ಕುಹಕವಿರಲಿಲ್ಲ. ತಮ್ಮನ ಫೋಟೊ ನೋಡುವ ಆಸೆ, ಅಷ್ಟೆ. ಅಮೋಗಸಿದ್ಧ ಜೇಬಿನ ಮೇಲೆ ಕೈಯಿಟ್ಟುಕೊಂಡು, "ಕೆಟ್ಟ ಹೋತ, ಅಕ್ಕಾ" ಎಂದ. "ಪಾಪ, ಇನ್ನೊಮ್ಮೆ ತಗಸು" ಎಂದು ಅವಳು ಮರುಗಿದಳು.

ಅವನು ಮತ್ತೊಮ್ಮೆ ತೆಗೆಸಲಿಲ್ಲ. ಬೂಟುಗಳು ಯಾರ ಪಾಲಾದವೋ ತಿಳಿಯದು. ದಪ್ಪ ಅಟ್ಟೆಯ ಕಾಲ್ಮರಿಗಳು ಚೀಲದಿಂದ ಹೊರಬಂದವು, ಹಿಮ್ಮಡಿಯ ಹುಣ್ಣು ಮಾಯಿತು. ಅಂಗಡಿಯಲ್ಲಿ ಯಾರಾದರೂ ಮದುವೆಯ ಅತ್ತರು ಹಚ್ಚಲು ಬಂದರೆ ಅವನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಿಲ್ಲುತ್ತಿದ್ದ. ಪೆಟ್ಟಿಗೆಯ ತಳದಲ್ಲಿ ಆ ಫೋಟೊ ಮಾತ್ರ ಉಳಿಯಿತು. ಹರಿದು ಹಾಕಲು ಅವನಿಗೆ ಧೈರ್ಯವಾಗಲಿಲ್ಲ, ಅಕ್ಕನಿಗೆ ತೋರಿಸಲೂ ಆಗಲಿಲ್ಲ.

ಇಂಥವರು ಪ್ರತಿ ಪೇಠೆಯಲ್ಲೂ ಇದ್ದಾರೆ. ಹುಟ್ಟಿದ ಮನೆಯ ವಾಸನೆಗೆ ಎಂದೋ ಒಮ್ಮೆ ನಾಚಿ, ಆ ನಾಚಿಕೆಗಾಗಿ ಉಳಿದ ಆಯುಷ್ಯವೆಲ್ಲ ನಾಚುತ್ತ ಇರುವವರು. ಮಾತು ಕಡಿಮೆ, ಕೆಲಸ ಚೊಕ್ಕಟ, ನಗುವಾಗಲೂ ಕಣ್ಣು ನೆಲದ ಮೇಲೆ. ಅವರನ್ನು ಯಾರೂ ಬೈದಿರುವುದಿಲ್ಲ. ಬೈದಿದ್ದರೆ ಎಂದೋ ಮರೆತುಬಿಡುತ್ತಿದ್ದರು.