ರದ್ದಾದ ನಿಲ್ದಾಣಗಳು

ಇಸ್ತ್ರಿಪೆಟ್ಟಿಗೆ ಖಾಕಿ ಅಂಗಿಯ ತೋಳಿನ ಮೇಲೆ ಹರಿದದ್ದೇ ತಡ, ಆ ವಾಸನೆ ಎದ್ದು ಬಂತು. ಡೀಸೆಲ್ಲು, ಬಿಸಿಯಾದ ರೆಕ್ಸಿನ್ನು, ಅದರ ಮೇಲೊಂದಿಷ್ಟು ಬಾರ್ ಸೋಪು. ಚಿಕ್ಕವಳಿದ್ದಾಗ ಸಂಜೆ ಬಾಗಿಲಲ್ಲಿ ಅಪ್ಪನ ಹೊಟ್ಟೆಗೆ ಮುಖ ಒತ್ತಿ ನಿಂತರೆ ಬರುತ್ತಿದ್ದದ್ದು ಇದೇ. ಒಂಬತ್ತು ವರ್ಷ ಟ್ರಂಕಿನಲ್ಲಿ ಬಿದ್ದಿದ್ದರೂ ಅಂಗಿ ಅದನ್ನು ಬಿಟ್ಟುಕೊಟ್ಟಿರಲಿಲ್ಲ. ಮಗಳು ಪೆಟ್ಟಿಗೆ ಎತ್ತಿ ಹಿಡಿದು ಸ್ವಲ್ಪ ಹೊತ್ತು ಹಾಗೇ ನಿಂತಳು.

ಪಕ್ಕದ ಕೋಣೆಯಲ್ಲಿ ಅಪ್ಪನ ದೇಹವನ್ನು ಮಲಗಿಸಿದ್ದರು. ಅವನು ಓಡಿಸುತ್ತಿದ್ದ ಬಸ್ಸಿನಲ್ಲಿ ಇಪ್ಪತ್ತೆಂಟು ವರ್ಷ ಸೀಟಿ ಊದಿದ ಕಂಡಕ್ಟರ್ ಚಿಕ್ಕಪ್ಪ ಒದ್ದೆ ಬಟ್ಟೆಯಿಂದ ಅವನ ಉಗುರುಗಳನ್ನು ಒಂದೊಂದಾಗಿ ಒರೆಸುತ್ತಿದ್ದ.

"ಗ್ರೀಸು ಹೋಗ್ತಾನೇ ಇಲ್ಲ ನೋಡಮ್ಮ. ರಿಟೈರಾದ್ಮೇಲೂ ಯಾರದೋ ಸ್ಕೂಟರ್ ಬಿಚ್ಚಿ ಹರಡ್ಕೊಂಡು ಕೂತಿರ್ತಿದ್ದ, ಪುಣ್ಯಾತ್ಮ."

"ಇರ್ಲಿ ಬಿಡಿ ಚಿಕ್ಕಪ್ಪ. ಅದಿಲ್ಲದಿದ್ರೆ ಅಪ್ಪನ ಕೈ ಅನ್ಸಲ್ಲ."

ಡಿಪೋದಲ್ಲಿ ಒಂದು ಪದ್ಧತಿಯಿತ್ತು. ಡ್ರೈವರ್ ತೀರಿಕೊಂಡರೆ ಅವನನ್ನು ಅವನ ಮಾರ್ಗದ ಬಸ್ಸಿನಲ್ಲೇ ಒಯ್ಯಬೇಕು. ಅವನ ಕೈಯಲ್ಲಿ ಪಳಗಿದವನು ಓಡಿಸಬೇಕು, ಅವನ ಕಂಡಕ್ಟರ್ ಬಾಗಿಲಲ್ಲಿ ನಿಂತಿರಬೇಕು. ಆಸ್ಪತ್ರೆಯಲ್ಲಿ ಅಪ್ಪ ಕೇಳಿದ್ದು ಇದೊಂದನ್ನೇ. "ನನ್ನ ಬಸ್ಸಲ್ಲಿ ಕಳಿಸ್ಕೊಡು ಮಗಾ." ಅವಳು ಹೂಂ ಅಂದುಬಿಟ್ಟಿದ್ದಳು. ಡಿಪೋ ಈಗ ಸರ್ಕಾರದ್ದಲ್ಲ ಎಂದು ಆಗ ನೆನಪಿಸಲು ಬಾಯಿ ಬಂದಿರಲಿಲ್ಲ.

ಒಂಬತ್ತು ಗಂಟೆಗೆ ಡಿಪೋ ಕೊಂಡ ಕಂಪನಿಯ ಮ್ಯಾನೇಜರ್ ಬಂದ. ಜೊತೆಗೆ ನೌಕರರ ಸಂಘದ ಹಳೆಯ ಅಧ್ಯಕ್ಷರು. ಬಸ್ಸುಗಳನ್ನು ಕಂಪನಿಗೆ ಮಾರಬಾರದೆಂದು ಡಿಪೋ ಗೇಟಿನಲ್ಲಿ ಹದಿನೇಳು ದಿನ ಉಪವಾಸ ಕೂತು, ಹದಿನೆಂಟನೆಯ ದಿನ ಸಹಿ ಹಾಕಿ, ಹತ್ತೊಂಬತ್ತನೆಯ ದಿನ ಕಂಪನಿಯ ಸಲಹೆಗಾರರಾದವರು.

"ಅದೃಷ್ಟ ನೋಡಮ್ಮ ನಿಮ್ಮಪ್ಪಂದು," ಎಂದರು ಅಧ್ಯಕ್ಷರು. "ಸಾಹೇಬ್ರು ಹೊಸ ಬಸ್ಸನ್ನೇ ತಂದಿದಾರೆ. ಏಸಿ!"

"ಅವನಿಗೆ ಇನ್ನು ಸೆಖೆ ಆಗಲ್ಲ ಬಿಡಿ," ಎಂದ ಚಿಕ್ಕಪ್ಪ, ತಲೆಯೆತ್ತದೆ.

ಬಸ್ಸು ಬಾಗಿಲೆದುರಿಗೇ ನಿಂತಿತ್ತು. ನೇರಳೆ ಬಣ್ಣ, ಮೈತುಂಬ ಅಕ್ಷರ: 'ನಿಮ್ಮ ಜೊತೆ, ಕೊನೆಯ ನಿಲ್ದಾಣದವರೆಗೂ.' ತೆರೆದ ಬಾಗಿಲಿನಿಂದ ಸಿಂಪಡಿಸಿದ ಸೆಂಟಿನ ಸಿಹಿನಾತ ಮನೆಯೊಳಗೆ ನುಗ್ಗುತ್ತಿತ್ತು.

"ಒಂದೇ ಒಂದು ಸಣ್ಣ ವಿಷಯ ಮೇಡಂ," ಎಂದ ಮ್ಯಾನೇಜರ್. "ಮುಂದಿನ ತಿಂಗಳು ನಮ್ಮ ಪರ್ಮಿಟ್ ನವೀಕರಣ ಇದೆ. ಮೂವತ್ತೊಂದು ವರ್ಷ ಒಂದು ಅಪಘಾತಾನೂ ಮಾಡದ ಹಿರಿಯರು, ನಮ್ಮ ಕುಟುಂಬದವರು ಅಂತ ನಾಲ್ಕು ಫೋಟೋ ತಗೊಳ್ತೀವಿ."

"ಅಪ್ಪ ನಿಮ್ಮಲ್ಲಿ ಒಂದು ದಿನಾನೂ ಕೆಲಸ ಮಾಡಿಲ್ಲ."

"ಮನಸ್ಸಿನಿಂದ ನಮ್ಮವರೇ ಮೇಡಂ." ಅವನು ಪ್ಲಾಸ್ಟಿಕ್ ಕವರಿನಿಂದ ಕಂಪನಿಯ ನೀಲಿ ಅಂಗಿ ತೆಗೆದು, ಬಟ್ಟೆ ಅಂಗಡಿಯಲ್ಲಿ ಮಾಡುವ ಹಾಗೆ, ಅಪ್ಪನ ಎದೆಯ ಮೇಲೆ ಹರಡಿ ಭುಜದ ಅಳತೆ ನೋಡಿದ. "ಸರಿಯಾಗುತ್ತೆ. ಹಿಂದುಗಡೆ ಕತ್ತರಿಸಿ ಹಾಕಿದ್ರೆ ಸುಲಭ."



* * *

ಅಪ್ಪ ಕೆಲಸಕ್ಕೆ ಸೇರುವ ಮೊದಲು ಆ ಮಾರ್ಗದಲ್ಲಿ ಓಡುತ್ತಿದ್ದದ್ದು ಒಬ್ಬ ಸಾಹುಕಾರನ ಬಸ್ಸು. ಕುರಿ ತುಂಬಿದ ಹಾಗೆ ಜನ ತುಂಬಿದರೆ ಹೊರಡುತ್ತಿತ್ತು, ಇಲ್ಲವಾದರೆ ಇಲ್ಲ. ಸರ್ಕಾರಿ ಬಸ್ಸು ಬಂದ ಮೇಲೆ ಕಲ್ಲುಗಣಿಯಾಚೆಯ ಒಂಟಿ ಮನೆಗಳಿಗೂ ಇಷ್ಟು ಹೊತ್ತಿಗೆ ಬಸ್ಸು ಎಂಬುದೊಂದು ಗೊತ್ತಾಯಿತು. "ಖಾಲಿ ಇದ್ರೂ ಹೋಗ್ಬೇಕು," ಎನ್ನುತ್ತಿದ್ದ ಅಪ್ಪ, ಊಟಕ್ಕೆ ಕೂತಾಗ. "ಒಂದಿನ ತಪ್ಪಿಸಿದ್ರೆ ಜನ ನಂಬೋದು ಬಿಡ್ತಾರೆ."

ಆಮೇಲೆ ಬಿಡಿಭಾಗಗಳು ಬರುವುದು ನಿಂತಿತು. ಹೊಸ ಬಸ್ಸಂತೂ ಇಲ್ಲವೇ ಇಲ್ಲ. ಒಂದು ಬಸ್ಸಿನ ಗೇರು ಬಿಚ್ಚಿ ಇನ್ನೊಂದಕ್ಕೆ, ಅದರ ಬ್ರೇಕು ಮತ್ತೊಂದಕ್ಕೆ. ಡಿಪೋದ ಹಿಂದೆ ತುಕ್ಕು ಹಿಡಿದ ಅಸ್ಥಿಪಂಜರಗಳ ಸಾಲು ಬೆಳೆಯಿತು. ಕೊನೆಗೊಂದು ದಿನ ಇಲಾಖೆಯ ದೊಡ್ಡವರು ಕಾರಿನಲ್ಲಿ ಬಂದರು. ಮೂಗಿಗೆ ಕರ್ಚೀಫು ಹಿಡಿದು ಫೋಟೋ ತೆಗೆಸಿದರು. ಸರ್ಕಾರದ ಕೈಯಲ್ಲಿದ್ದರೆ ಹೀಗೇ ಎಂದು ಮರುದಿನ ಪೇಪರಿನಲ್ಲಿ ಎಲ್ಲರಿಗೂ ತೋರಿಸಿದರು. ಕಾಲು ಕಟ್ಟಿಹಾಕಿ, ಓಡಲಿಲ್ಲವಲ್ಲ ಎಂದು ಬೈದ ಹಾಗೆ.

ಕಂಪನಿ ಮೊದಲ ದಿನವೇ ಹನ್ನೊಂದು ನಿಲ್ದಾಣಗಳನ್ನು ಕೈಬಿಟ್ಟಿತು. ವರ್ಕ್‌ಶಾಪಿದ್ದ ಜಾಗದಲ್ಲಿ ಗಾಜಿನ ಅಂಗಡಿಗಳು ಎದ್ದವು. ಸರ್ಕಾರಿ ಬಸ್ಸಿನ ಕೊನೆಯ ಟ್ರಿಪ್ಪು ಮುಗಿಸಿ ಬಂದ ಅಪ್ಪ ನಲ್ಲಿಯ ಕೆಳಗೆ ಬಹಳ ಹೊತ್ತು ಕೈ ತೊಳೆದ. ಮಾರನೆಯ ಬೆಳಿಗ್ಗೆ ಮಗಳು ಏಳುವ ಹೊತ್ತಿಗೆ ಅವನು ಮನೆಯಲ್ಲಿರಲಿಲ್ಲ. ಮಧ್ಯಾಹ್ನ ಬಂದು ಮಲಗಿದ.

* * *

ಮಗಳು ನೀಲಿ ಅಂಗಿಯನ್ನು ಎತ್ತಿ, ಅದರ ಮಡಿಕೆಯಲ್ಲೇ ಮಡಿಸಿ, ಕವರಿನೊಳಗಿಟ್ಟು ಮ್ಯಾನೇಜರನ ಕೈಗೆ ಕೊಟ್ಟಳು.

"ಬಸ್ಸು ಬೇಡ."

"ಅಪ್ಪನ ಕೊನೆಯಾಸೆ ಕಣಮ್ಮ!" ಅಧ್ಯಕ್ಷರು ಹತ್ತಿರ ಬಂದು ದನಿ ಇಳಿಸಿದರು. "ಒಂದು ಅಂಗಿಗೋಸ್ಕರ ಅದನ್ನೂ ತಪ್ಪಿಸ್ತೀಯಾ?"

ಮಾತು ನಾಟಿತು. ಹೌದು, ತಪ್ಪಿಸುತ್ತಿದ್ದವಳು ಅವಳೇ.

"ಅಪ್ಪ ಕೇಳಿದ್ದು ತನ್ನ ಬಸ್ಸು. ಅದನ್ನ ಗುಜರಿಗೆ ಹಾಕೋಕೆ ಸಹಿ ಮಾಡಿದವರು ನೀವು."

ಇಬ್ಬರೂ ಹೊರಟಾಗ ಚಿಕ್ಕಪ್ಪ ಅವರು ತಂದ ಹೂವಿನ ಚಕ್ರವನ್ನು ಅಧ್ಯಕ್ಷರ ತೋಳಿಗೆ ಸಿಕ್ಕಿಸಿದ. "ಇಟ್ಕೊಂಡಿರಿ. ನಿಮಗೂ ವಯಸ್ಸಾಯ್ತಲ್ಲ."

ಹನ್ನೊಂದಕ್ಕೆ ನಗರಸಭೆಯ ಶವದ ವ್ಯಾನು ಬಂತು. ಇಳಿದವನು ಅಪ್ಪನ ಶಿಷ್ಯ ಹಾಫ್‌ಕ್ಲಚ್. ಕ್ಲಚ್ಚಿನ ಮೇಲಿಂದ ಕಾಲು ತೆಗೆಯುವುದನ್ನು ಕಲಿಯಲು ಎಂಟು ತಿಂಗಳು ಹಿಡಿಸಿದ್ದಕ್ಕೆ ಅಪ್ಪನೇ ಇಟ್ಟ ಹೆಸರು.

"ಇವತ್ತು ನನಗೆ ರಜ ಅಕ್ಕ. ವಿಷಯ ತಿಳೀತು, ಡ್ಯೂಟಿ ಬದಲಾಯಿಸ್ಕೊಂಡೆ. ಗುರುಗಳನ್ನ ಬೇರೆಯವ್ರು ಕರ್ಕೊಂಡು ಹೋಗೋದು ಅಂದ್ರೇನು?"

ಸ್ಮಶಾನ ಗಣಿಯ ಆಚೆ, ಅಪ್ಪನ ಮಾರ್ಗದಲ್ಲೇ ಇತ್ತು. ಪೇಟೆ ದಾಟಿ ಸ್ವಲ್ಪ ದೂರ ಹೋದ ವ್ಯಾನು ಎಡಕ್ಕೆ ಸರಿದು ನಿಂತುಬಿಟ್ಟಿತು.

"ಏನಾಯ್ತು?" ಎಂದಳು ಮಗಳು.

ಹಾಫ್‌ಕ್ಲಚ್ ನಾಲಿಗೆ ಕಚ್ಚಿಕೊಂಡ. "ಅಯ್ಯೋ, ಇಲ್ಲಿ ಸ್ಟಾಪಿತ್ತಲ್ಲ ಅಕ್ಕ... ಕಾಲು ತಾನಾಗೇ ಬ್ರೇಕ್ ಮೇಲೆ ಹೋಯ್ತು."

ಚಿಕ್ಕಪ್ಪ ಆಗಲೇ ಕಿಟಕಿಯಿಂದ ತಲೆ ಹೊರಹಾಕಿ, ಯಾರಾದರೂ ಓಡಿ ಬರುತ್ತಿದ್ದಾರೆಯೇ ಎಂದು ಹಿಂದಕ್ಕೆ ನೋಡುತ್ತಿದ್ದ. ನೋಡಿ, ನಾಚಿಕೆಪಟ್ಟು, ಮೆಲ್ಲಗೆ "ರೈಟ್" ಎಂದ. ಮುಂದಿನ ನಿಲ್ದಾಣದಲ್ಲೂ ವ್ಯಾನು ನಿಂತಿತು. ಅದರ ಮುಂದಿನದರಲ್ಲೂ. ಆಮೇಲೆ ಯಾರೂ ಕಾರಣ ಕೇಳಲಿಲ್ಲ, ಯಾರೂ ತಪ್ಪಾಯಿತು ಎನ್ನಲಿಲ್ಲ.

ಗಣಿಯ ತಿರುವಿನಲ್ಲಿ ಕಂಬ ಕಿತ್ತ ಗುಂಡಿ ಮಾತ್ರ ಉಳಿದಿತ್ತು. ಪಕ್ಕದ ಕಲ್ಲಿನ ಮೇಲೆ ಒಬ್ಬ ಮುದುಕಿ ಕೂತು ದಣಿವಾರಿಸಿಕೊಳ್ಳುತ್ತಿದ್ದಳು. ವ್ಯಾನು ನಿಂತದ್ದು ಕಂಡು ಎದ್ದಳು.

"ಅಜ್ಜಿ, ಇದು ಬಸ್ಸಲ್ಲ," ಎಂದ ಚಿಕ್ಕಪ್ಪ.

"ಕಣ್ಣು ಮಂಜು ಕಣಪ್ಪ, ಅಷ್ಟೊಂದು ಮಂಜಲ್ಲ. ಈ ಜಾಗದಲ್ಲಿ ಈಗ ಯಾವನೂ ನಿಲ್ಸಲ್ಲ, ಅದಕ್ಕೇ ಎದ್ದೆ. ಒಳಗೆ ಯಾರು?"

"ಬಸ್ಸಿನ ಡ್ರೈವರಣ್ಣ."

ಮುದುಕಿ ವ್ಯಾನಿನ ಹಿಂದೆ ಬಂದು, ಬಾಗಿಲಿನ ಅಂಚು ಹಿಡಿದು ಬಹಳ ಹೊತ್ತು ಅಪ್ಪನ ಮುಖ ನೋಡಿದಳು.

"ಬಸ್ಸು ನಿಂತ ಮಾರನೇ ದಿನ ಸೈಕಲ್ ತುಳ್ಕೊಂಡು ಬಂದಿದ್ದ ಇವನು. ಬಸ್ಸಿನ ಹೊತ್ತಿಗೆ ಸರಿಯಾಗಿ. 'ಕಾಯ್ಬೇಡ್ರಮ್ಮ, ಇವತ್ತಿಂದ ಬಸ್ಸಿಲ್ಲ' ಅಂದ. ಹನ್ನೊಂದು ಸ್ಟಾಪಲ್ಲೂ ಇಳಿದು ಹೇಳಿದ್ನಂತೆ. ತಾನೇ ತಪ್ಪು ಮಾಡಿದೋನ ಹಾಗೆ ಕೈ ಮುಗಿದ. ಬೇರೆ ಯಾವನೂ ನಮಗೆ ಹೇಳ್ಲಿಲ್ಲ ತಾಯಿ."

ಮಗಳು ಕುಳಿತಲ್ಲೇ ಅಪ್ಪನ ಖಾಕಿಯ ತೋಳನ್ನು ಹಿಡಿದುಕೊಂಡಳು. ಬೆಳಗಿನಿಂದ ಕಟ್ಟಿಕೊಂಡದ್ದೆಲ್ಲ ಈಗ ಕಣ್ಣಿಗೆ ಬಂತು.

ಮುದುಕಿ ಅವಳ ಒಣಗಿದ ತುಟಿಗಳನ್ನು ನೋಡಿದಳು. ಸೊಂಟದ ಮೇಲಿನ ಚೀಲ ಇಳಿಸಿ, ತನ್ನ ಬುತ್ತಿಯ ಡಬ್ಬಿ ತೆಗೆದು, ಸುತ್ತಿದ ಬಟ್ಟೆಯ ಸಮೇತ ಅವಳ ಮಡಿಲಲ್ಲಿಟ್ಟಳು. ಡಬ್ಬಿ ಇನ್ನೂ ಬಿಸಿಯಾಗಿತ್ತು.