ಹತ್ತಡಿ ಅಜ್ಜಿಯ ಬಲಗೈ

ಮೂರನೇ ಮಹಡಿಯ ಮನೆಯಲ್ಲಿ ಒಬ್ಬ ಮೆಕ್ಯಾನಿಕ್ ಇದ್ದ. ತನ್ನ ದೇಶದಲ್ಲಿ ಇಪ್ಪತ್ತು ವರ್ಷ ಬಸ್ಸು ರಿಪೇರಿ ಮಾಡಿದವನು. ಅಲ್ಲಿ ಜೀವ ಉಳಿಸಿಕೊಳ್ಳುವುದೇ ಕಷ್ಟವಾದಾಗ ಹೆಂಡತಿಯನ್ನೂ ತಾಯಿಯನ್ನೂ ಕರೆದುಕೊಂಡು ಗಡಿ ದಾಟಿ ಬಂದ. ಆಶ್ರಯ ಕೊಡಿ ಎಂದು ಇಲ್ಲಿನ ಸರ್ಕಾರಕ್ಕೆ ಅರ್ಜಿ ಹಾಕಿದ. ಅರ್ಜಿ ತೀರ್ಮಾನವಾಗುವ ತನಕ ದುಡಿಯುವಂತಿಲ್ಲ. ಹೀಗೇ ಹತ್ತು ತಿಂಗಳು ಕಳೆಯಿತು.

ಮೊದಮೊದಲು ದಿನಾ ಬಸ್ ಸ್ಟಾಪಿಗೆ ಹೋಗಿ ನಿಂತು, "ಆ ಹಸಿರು ಬಸ್ಸಿನ ಕ್ಲಚ್ ಹೋಗ್ತಾ ಇದೆ" ಎಂದು ಮನೆಗೆ ಬಂದು ಹೇಳುತ್ತಿದ್ದ. ಆಮೇಲೆ ಅದೂ ನಿಂತಿತು. ಗಡ್ಡ ಬೆಳೆಯಿತು. ತಾಯಿ ಊಟಕ್ಕೆ ಕರೆದರೆ ಹಸಿವಿಲ್ಲ ಎನ್ನುತ್ತಿದ್ದ, ಹೆಂಡತಿ ಹೊರಗೆ ಕರೆದರೆ ನೀನೇ ಹೋಗ್ಬಾ ಎನ್ನುತ್ತಿದ್ದ.

ಒಂದು ದಿನ ಬೀದಿಯ ಲೈಬ್ರರಿ ನೋಡಿಕೊಳ್ಳುವ ಅಕ್ಕ ಏದುಸಿರು ಬಿಡುತ್ತಾ ಮೆಟ್ಟಿಲು ಹತ್ತಿ ಬಂದಳು.

"ಉಸ್ಸಪ್ಪಾ! ನಿಮ್ಮನೆಗೆ ಬರೋಷ್ಟರಲ್ಲಿ ಅರ್ಧ ಆಯಸ್ಸು ಮುಗೀತು. ಅಣ್ಣಾ, ಪ್ರತಿ ಶನಿವಾರ ಎಲ್ಲರೂ ಸೇರಿ ಒಂದು ಗೊಂಬೆ ನಾಟಕ ಕಟ್ತಾ ಇದ್ದೀವಿ. ಹೊಸದಾಗಿ ಬಂದೋರು, ಇಲ್ಲೇ ಹುಟ್ಟಿದೋರು, ಎಲ್ಲರೂ. ಬನ್ನಿ."

"ಗೊಂಬೆ ಆಡಿಸೋ ವಯಸ್ಸಾ ನಂದು?" ಎಂದ ಮೆಕ್ಯಾನಿಕ್. "ಗೊಂಬೆ ಕುಣಿಸಿದ್ರೆ ನನ್ನ ಅರ್ಜಿ ಪಾಸಾಗುತ್ತಾ?"

"ಆಗಲ್ಲ. ಸುಳ್ಳು ಯಾಕೆ ಹೇಳ್ಲಿ?" ಎಂದಳು ಅಕ್ಕ. "ಆದ್ರೆ ಉತ್ತರ ಬರೋ ತನಕ ಗೋಡೆ ನೋಡ್ಕೊಂಡು ಕೂತ್ರೆ ಮನುಷ್ಯ ಒಳಗೊಳಗೇ ತುಕ್ಕು ಹಿಡೀತಾನೆ. ಈ ಬೀದೀಲಿ ನಿಮ್ಮ ಮುಖ ಎಷ್ಟು ಜನಕ್ಕೆ ಗೊತ್ತು ಹೇಳಿ?"

ಅವನು ಮತ್ತೆ ಗೋಡೆಯ ಕಡೆ ತಿರುಗಿದ. "ನಾನು ಬರ್ತೀನಿ. ಹೊಲಿಗೆ ಬರುತ್ತೆ ನಂಗೆ" ಎಂದಳು ಹೆಂಡತಿ.

ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಬಿದಿರು, ಹಳೇ ಪರದೆ, ರಟ್ಟು, ಅಂಟು ಹರಡಿತ್ತು. ಹತ್ತಡಿ ಎತ್ತರದ ಅಜ್ಜಿ ಗೊಂಬೆ ತಯಾರಾಗುತ್ತಿತ್ತು. ಎರಡನೇ ಶನಿವಾರ ಅಕ್ಕ ತಾನು ಬರೆದ ಕಥೆ ಓದಿದಳು. ಅಜ್ಜಿ ಮೂಟೆ ಹೊತ್ತು ಬಸ್ಸಿನಿಂದ ಇಳಿದು ಅಳುತ್ತಾಳೆ, ಊರವರು ಕಂಬಳಿ ಹೊದಿಸುತ್ತಾರೆ.

ಹೆಂಡತಿ ಸೂಜಿ ಕೆಳಗಿಟ್ಟಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ನಾವು ಅತ್ತಿದ್ದು ನಿಜ. ಆದ್ರೆ ಅಳೋದಷ್ಟೇನಾ ನಮಗೆ ಬರೋದು? ನನ್ನ ಅತ್ತೆ ಎಪ್ಪತ್ತರ ವಯಸ್ಸಲ್ಲಿ ಮೂರು ಭಾಷೇಲಿ ಜಗಳ ಆಡ್ತಾರೆ. ಕಂಬಳಿ ಹೊದ್ಕೊಂಡು ಕೂರೋ ಅಜ್ಜಿ ಅಲ್ಲ ಅವರು."

ಕೋಣೆಯಲ್ಲಿದ್ದವರೆಲ್ಲ ನಕ್ಕುಬಿಟ್ಟರು. ಅಕ್ಕನ ಮುಖ ಕೆಂಪಾಯಿತು. "ನಂದೇ ತಪ್ಪಮ್ಮ. ನಿಮ್ಮನ್ನ ಕೇಳ್ದೆ ನಿಮ್ಮ ಕಥೆ ಬರೆದುಬಿಟ್ಟೆ" ಎಂದು ಹಾಳೆ ಹರಿದಳು. "ಈಗ ಎಲ್ಲರೂ ಸೇರಿ ಬರೆಯೋಣ."

ಹೊಸ ಕಥೆ ಹುಟ್ಟಿತು. ನಡುದಾರಿಯಲ್ಲಿ ಬಸ್ಸು ಕೆಟ್ಟು ನಿಲ್ಲುತ್ತದೆ. ಹತ್ತೂರಿನ ಪ್ರಯಾಣಿಕರು ಕಿತ್ತಾಡುತ್ತಾರೆ. ಆಗ ಅಜ್ಜಿ ಸೆರಗು ಸಿಕ್ಕಿಸಿ, ಸ್ಪಾನರ್ ಎತ್ತಿ ಬಸ್ಸು ರಿಪೇರಿ ಮಾಡುತ್ತಾಳೆ. ಒಂದೇ ತೊಂದರೆ, ಅಜ್ಜಿಯ ಬಲಗೈ ಏಳುತ್ತಿರಲಿಲ್ಲ. ಹಗ್ಗ ಎಳೆದಷ್ಟೂ ತೋಳು ತಿರುಚಿಕೊಳ್ಳುತ್ತಿತ್ತು.

ಅಂದು ಹೆಂಡತಿ ಮನೆಗೆ ಬರುವುದು ತಡವಾಯಿತೆಂದು ಮೆಕ್ಯಾನಿಕ್ ಹುಡುಕಿಕೊಂಡು ಬಂದ. ಬಾಗಿಲಲ್ಲೇ ನಿಂತು ನೋಡಿದ. ಇವರ ಪರದಾಟ ಅವನಿಂದ ನೋಡಲಾಗಲಿಲ್ಲ.

"ಅದು ಹಗ್ಗದ ಕೆಲಸ ಅಲ್ಲ" ಎಂದ. "ಸೈಕಲ್ ಬ್ರೇಕ್ ವೈರ್ ಬೇಕು. ಒಂದು ಸ್ಪ್ರಿಂಗ್ ಬೇಕು."

ನೆಲಮಹಡಿಯ ನಿವೃತ್ತ ಬಸ್ ಡ್ರೈವರ್ ಮೂಲೆಯಲ್ಲಿ ರಟ್ಟು ಕತ್ತರಿಸುತ್ತಿದ್ದ. ಹತ್ತು ತಿಂಗಳಲ್ಲಿ ಮೆಟ್ಟಿಲಲ್ಲಿ ಎದುರಾದರೂ ಮಾತಾಡಿಸದವನು. "ನನ್ನ ಹಳೇ ಸೈಕಲ್‌ದು ಕೊಡ್ತೀನಿ" ಎಂದು ಎದ್ದ. "ನೀವು ಮೆಕ್ಯಾನಿಕ್ಕಾ? ಎಂಥ ಗಾಡಿ?"

"ಬಸ್ಸು."

"ಬಸ್ಸಾ! ಮೂವತ್ತು ವರ್ಷ ಬಸ್ಸು ಓಡಿಸಿದೋನು ಕೆಳಗೆ, ರಿಪೇರಿ ಮಾಡೋನು ಮೇಲೆ. ಮೊದಲೇ ಹೇಳ್ಬಾರದಾ ಮಾರಾಯ?"

"ನೀವು ಕೇಳ್ಲಿಲ್ವಲ್ಲ."

ಡ್ರೈವರ್ ತಲೆ ಕೆರೆದುಕೊಂಡ. "ಅದೂ ಸರಿ. ಕೇಳ್ಬೇಕಿತ್ತು."

ಮುಂದಿನ ಮೂರು ಶನಿವಾರ ಇಬ್ಬರೂ ಅಜ್ಜಿಯ ತೋಳಿನೊಳಗೆ ತಲೆ ಹಾಕಿ ಕೂತರು. ಅರ್ಧಂಬರ್ಧ ಭಾಷೆಯಲ್ಲಿ ಕ್ಲಚ್ಚು, ಗೇರು ಎಂದು ವಾದ ಮಾಡಿದರು. ಮೆಕ್ಯಾನಿಕ್ ಗಡ್ಡ ಬೋಳಿಸಿಕೊಂಡ. ಮನೆಗೆ ಬಂದವನೇ "ಅಮ್ಮಾ, ಏನಿದೆ ತಿನ್ನೋಕೆ?" ಎಂದು ಕೇಳತೊಡಗಿದ.

ನಾಟಕದ ಭಾನುವಾರ ಲೈಬ್ರರಿ ಮುಂದೆ ಕಾಲಿಡಲು ಜಾಗವಿರಲಿಲ್ಲ. ರಟ್ಟಿನ ಬಸ್ಸು ಕೆಟ್ಟಿತು. ಪ್ರಯಾಣಿಕರು ಜಗಳವಾಡಿದರು. ಹತ್ತಡಿ ಅಜ್ಜಿ ಬಾಗಿದಳು, ಮೊಣಕೈ ಮಡಿಸಿದಳು, ಸ್ಪಾನರ್ ಹಿಡಿದ ಬಲಗೈಯನ್ನು ಆಕಾಶಕ್ಕೆ ಎತ್ತಿದಳು. ಇಡೀ ಬೀದಿ ಓ ಎಂದು ಕೂಗಿತು.

"ಯಾರ್ರೀ ಇದನ್ನ ಮಾಡಿದ್ದು?" ಎಂದು ಯಾರೋ ಕೇಳಿದರು.

"ನಮ್ಮ ಮೇಸ್ತ್ರಿ!" ಎಂದ ಡ್ರೈವರ್, ಎದೆ ಉಬ್ಬಿಸಿ. "ನಮ್ಮ ಬಿಲ್ಡಿಂಗ್‌ನೋರು. ಮೂರನೇ ಮಹಡಿ."

ಮೆಕ್ಯಾನಿಕ್ ಗೊಂಬೆಯ ಹಿಂದಿನಿಂದ ಹೊರಬಂದು ನೆಟ್ಟಗೆ ನಿಂತ. ಅವನ ತಾಯಿ ಪಕ್ಕದವರಿಗೆ ಮೂರೂ ಭಾಷೆಯಲ್ಲಿ ಹೇಳುತ್ತಿದ್ದಳು, "ನನ್ನ ಮಗ ಅವನು, ನನ್ನ ಮಗ!"

ಅರ್ಜಿಗೆ ಇನ್ನೂ ಉತ್ತರ ಬಂದಿಲ್ಲ. ಆದರೆ ಅಂದು ಸಂಜೆ ಮೆಟ್ಟಿಲು ಹತ್ತುವಾಗ ಅವನೇ ಹೆಂಡತಿಯನ್ನು ಕೇಳಿದ: "ಮುಂದಿನ ಶನಿವಾರ ಎಷ್ಟು ಗಂಟೆಗೆ ಶುರು? ಅಜ್ಜಿಗೊಬ್ಬ ತಾತ ಬೇಕು ಅಂತ ಎಲ್ಲರೂ ಹೇಳ್ತಿದ್ದಾರೆ. ಅಮ್ಮನನ್ನೂ ಕರ್ಕೊಂಡು ಹೋಗೋಣ."

ಓದುಗರೇ, ನಿಮ್ಮ ಬೀದಿಗೂ ದೂರದಿಂದ ಯಾರೋ ಬಂದಿರಬಹುದು. ಅವರ ನೋವಿನ ಕಥೆಯನ್ನು ಕೆದಕಬೇಡಿ. ಹೇಳಬೇಕೆನಿಸಿದಾಗ ಅವರೇ ಹೇಳುತ್ತಾರೆ. ನಿಮಗೇನು ಬರುತ್ತೆ ಎಂದು ಕೇಳಿ. ಹಾಡು, ಚಿತ್ರ, ಹೊಲಿಗೆ, ನಾಟಕ, ಏನಾದರೂ ಸರಿ, ಜೊತೆಗೆ ಕೂತು ಮಾಡಿ, ಕಥೆ ಹೇಗಿರಬೇಕೆಂದು ಅವರೂ ತೀರ್ಮಾನಿಸಲಿ. ನೀವೇ ಹೊಸಬರಾಗಿದ್ದರೆ, ಹತ್ತಿರದ ಲೈಬ್ರರಿಗೋ ಸಮುದಾಯ ಭವನಕ್ಕೋ ಒಮ್ಮೆ ಹೋಗಿ ಬನ್ನಿ. ಭಾಷೆ ಅರ್ಧ ಬಂದರೂ ಸಾಕು, ಕೈಗೆ ಕೆಲಸ ಗೊತ್ತಿದೆ.

ಈ ವಾರವೇ ಒಂದು ಬಾಗಿಲು ತಟ್ಟಿ. ಸುಮ್ಮನೆ ಬನ್ನಿ ಎನ್ನಬೇಡಿ, "ನೀವಿಲ್ಲದೆ ಆಗಲ್ಲ, ಬನ್ನಿ" ಎನ್ನಿ.